ಮೊದಲು ಬಾಯಿ ಯಾರದು

ನಮ್ಮೂರಲ್ಲಿ ಮಾತು ಹೊಸ್ತಿಲು ದಾಟುವುದಿಲ್ಲ. ಇದನ್ನು ಕೇಳಿ ಹೊರಗಿನವರು ನಗುತ್ತಾರೆ. ನಗಲಿ, ಬಂದು ನೋಡಲಿ. ಮನೆಯೊಳಗೆ ನಿಂತು ನೀವು ಎಷ್ಟೇ ಗಂಟಲು ಹರಿದುಕೊಂಡರೂ ಅಂಗಳದಲ್ಲಿ ನಿಂತವನಿಗೆ ನಿಮ್ಮ ಬಾಯಿ ಆಡುವುದು ಕಾಣುತ್ತದೆಯೇ ಹೊರತು ಒಂದಕ್ಷರ ಕೇಳಿಸುವುದಿಲ್ಲ. ನಾಯಿ ಬೊಗಳಿದ್ದು ಕೇಳಿಸುತ್ತದೆ, ಒನಕೆ ಕುಟ್ಟಿದ್ದು ಕೇಳಿಸುತ್ತದೆ, ಮೋಟರು ಗುಂಯ್ ಅಂದದ್ದು ಕೇಳಿಸುತ್ತದೆ. ಮನುಷ್ಯರ ಮಾತು ಮಾತ್ರ ಹೊಸ್ತಿಲ ಹತ್ತಿರ ಬಂದು ನಿಂತುಬಿಡುತ್ತದೆ. ಸೊಪ್ಪು ಮಾರುವವಳು ಬುಟ್ಟಿಯನ್ನು ಹೊರಗಿಟ್ಟು ತಲೆಯನ್ನಷ್ಟೇ ಬಾಗಿಲೊಳಗೆ ತೂರಿಸಿ "ದಂಟು ಬೇಕೇನವ್ವಾ" ಅನ್ನುತ್ತಾಳೆ. ಪಕ್ಕದ ಮನೆಯವರ ಜೊತೆ ಜಗಳ ಆಡಬೇಕಾದರೆ ಅವರ ಮನೆಯೊಳಗೇ ಹೋಗಬೇಕು. ಹೋದ ಮೇಲೆ ಅವರು ಕುಡಿಯಲು ನೀರು ಕೊಡಲೇಬೇಕು. ನೀರು ಕುಡಿಯುವಷ್ಟರಲ್ಲಿ ಜಗಳದ ಅರ್ಧ ಕಾವು ಇಳಿದಿರುತ್ತದೆ. ನನ್ನದು ಇಳಿಯುವುದಿಲ್ಲ, ಅದು ಬೇರೆ ವಿಷಯ.

ಅದಕ್ಕೇ ನಮ್ಮಲ್ಲಿ ಮನೆಯಿಂದ ಮನೆಗೆ ಮಣ್ಣಿನ ಕೊಳವೆಗಳಿವೆ. ಒಂದು ಹೋಗುವ ಕೊಳವೆ, ಒಂದು ಬರುವ ಕೊಳವೆ. ಹೋಗುವುದರಲ್ಲಿ ಮಾತು ಬರುವುದಿಲ್ಲ, ಬರುವುದರಲ್ಲಿ ಹೋಗುವುದಿಲ್ಲ. ಈ ತುದಿಗೆ ಬಾಯಿ ಇಟ್ಟಿರೋ, ಆ ತುದಿಗೆ ಒಂದು ಕಿವಿ ಬರುವ ತನಕ ಬಾಯಿ ಕೀಳಲು ಆಗುವುದಿಲ್ಲ. ಕಿವಿ ಇಟ್ಟರೂ ಅಷ್ಟೇ, ಆ ಕಡೆ ಬಾಯಿ ಬರುವ ತನಕ ಕಿವಿ ಅಲ್ಲೇ. ಎರಡೂ ಕೂಡಿದ ಮೇಲೆ ಮಾತು ಹೊರಟ ಸಾಲಿನಲ್ಲೇ ತಲುಪುತ್ತದೆ, ಮೊದಲು ಅಂದದ್ದು ಮೊದಲು, ಆಮೇಲೆ ಅಂದದ್ದು ಆಮೇಲೆ. ನಡುವೆ ಕೇಳುವವರು ಕಿವಿ ಕಿತ್ತುಕೊಂಡರೆ ಹೇಳುತ್ತಿದ್ದವರಿಗೆ ಎದೆಗೆ ಗುದ್ದಿದ ಹಾಗೆ ಬಿಕ್ಕಳಿಕೆ ಬರುತ್ತದೆ, ಮಾತು ಅಲ್ಲಿಗೆ ಸತ್ತಿತು. ಕೆಲವು ಸೊಸೆಯಂದಿರು ಅತ್ತೆಯರಿಗೆ ಇದನ್ನು ಬೇಕಂತಲೇ ಮಾಡುತ್ತಾರೆ. ಯಾರಾದರೂ ಕೊಳವೆಗೆ ಸಿಕ್ಕಿಕೊಂಡು ನಿಂತರೆ ನಮ್ಮಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಅವರ ಪಕ್ಕದಲ್ಲೇ ಮನೆಯವರು ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಾರೆ, ನಿಂತವರ ಕಾಲಿಗೆ ಮಣೆ ತಂದು ಕೊಡುತ್ತಾರೆ.

ಈ ಕೊಳವೆ ಹೂಳುವುದು ನನ್ನ ಕಸುಬು. ಹೆಸರು ದುಗ್ಗಮ್ಮ, ಊರಿಗೆಲ್ಲ ಕೊಳವೆ ದುಗ್ಗಮ್ಮ. ನಮ್ಮಪ್ಪ ಮೇಸ್ತ್ರಿಯಾಗಿದ್ದ, ಅವನ ಕೈಕೆಳಗೆ ಕಲಿತೆ, ಅವನು ಹೋದ ಮೇಲೆ ನಾನೇ ಮೇಸ್ತ್ರಿ. ಯಾವ ಕೊಳವೆ ಯಾವ ಮರದ ಬೇರಿನ ಕೆಳಗೆ ಹಾದಿದೆ, ಎಲ್ಲಿ ಬಾಗಿದೆ, ಯಾವುದರಲ್ಲಿ ಕಣಜ ಗೂಡು ಕಟ್ಟುತ್ತದೆ ಎಂಬುದು ಈ ಊರಲ್ಲಿ ನನಗೊಬ್ಬಳಿಗೇ ಗೊತ್ತು. ಜಂಬ ಅಂತ ಬೇಕಾದರೆ ಅನ್ನಿ. ಜಂಬ ಪಡುವಂಥ ಕೆಲಸ ಮಾಡಿದವರು ಜಂಬ ಪಡಬೇಕು. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ, ಒಪ್ಪುತ್ತೇನೆ. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವಳಲ್ಲ. ಒಂದು ಮಾತಿನ ಮೇಲೆ ನನ್ನ ಅಣ್ಣನ ಮನೆಗೆ ಹೋಗುವ ಕೊಳವೆಗೆ ನಾನೇ ಗಾರೆ ಮೆತ್ತಿ ಒಂಬತ್ತು ವರ್ಷವಾಯಿತು. ಇವತ್ತಿಗೂ ಬಿಚ್ಚಿಲ್ಲ.

ನಮಗೆ ನೀರು ಗುಡ್ಡದ ಮೇಲಿನ ತೊಟ್ಟಿಯಿಂದ ಬರುತ್ತದೆ. ತೊಟ್ಟಿಗೆ ನೀರು ಏರಿಸುವ ಮೋಟರು ಕೆಳಗೆ ಪಂಪ್‌ಹೌಸಿನಲ್ಲಿದೆ. ಗುಡ್ಡದ ಮೇಲೆ ಕೂತು ನೀರಿನ ಮಟ್ಟ ನೋಡಿ ಕೊಳವೆಯಲ್ಲಿ ಹೇಳುವುದು ನಿಂಗಜ್ಜನ ಕೆಲಸವಾಗಿತ್ತು. ಅದನ್ನು ಕೇಳಿ ಮೋಟರು ಹಾಕುವುದು, ಆರಿಸುವುದು ಖಾದರ್ ಸಾಬರ ಕೆಲಸ. ನಿಂಗಜ್ಜನಿಗೆ ಮಂಡಿ ಹೋಯಿತು, ಖಾದರ್ ಸಾಬರಿಗೆ ಕಿವಿ ಹೋಯಿತು. ಆ ಜಾಗದಲ್ಲಿ ಕೂರಲು ಇನ್ಯಾರೂ ಒಪ್ಪಲಿಲ್ಲ. ಆಗ ಶೈಲಜ ಮುಂದೆ ಬಂದಳು. ಹೊಲಿಗೆ ಟೀಚರ್ ಪಂಕಜಮ್ಮನ ಮಗಳು, ಇಪ್ಪತ್ತಾರು ವಯಸ್ಸು, ಹೊರಗೆ ಪಾಲಿಟೆಕ್ನಿಕ್‌ನಲ್ಲಿ ಓದಿ ಊರಿಗೇ ವಾಪಸ್ಸು ಬಂದವಳು. ತೊಟ್ಟಿಯಲ್ಲಿ ತೇಲುವ ಬುರುಡೆಯೊಂದನ್ನು ಬಿಟ್ಟು ಅಲ್ಲಿಂದ ತಂತಿ ಎಳೆದಳು, ಪಂಪ್‌ಹೌಸಿನಲ್ಲಿ ಒಂದು ಕಂಪ್ಯೂಟರ್ ಕೂರಿಸಿದಳು, ಅದರೊಳಗೆ ಎರಡು ಪ್ರೋಗ್ರಾಮು ಬರೆದಿಟ್ಟಳು. ಮಟ್ಟ ನೋಡುವ ಪ್ರೋಗ್ರಾಮಿಗೆ 'ಗುಡ್ಡ' ಎಂದು ಹೆಸರು, ಮೋಟರು ಹಾಕಿ ಆರಿಸುವುದಕ್ಕೆ 'ಪಂಪು' ಎಂದು. ನೀರು ಅರ್ಧಕ್ಕೆ ಇಳಿದರೆ ಗುಡ್ಡ ಹೇಳಬೇಕು, ಪಂಪು ಮೋಟರು ಹಾಕಬೇಕು. ತುಂಬಿದರೆ ಗುಡ್ಡ ಹೇಳಬೇಕು, ಪಂಪು ಆರಿಸಬೇಕು. ಇಷ್ಟೇ.

ಊರ ಸಭೆಯವರೆಲ್ಲ ನೋಡಲು ಬಂದ ದಿನ ಅಧ್ಯಕ್ಷ ಹಾಲಪ್ಪನವರು ತಮ್ಮ ಕೈಯಿಂದಲೇ ಸ್ವಿಚ್ಚು ಒತ್ತಿದರು. ಕಂಪ್ಯೂಟರಿನ ದೀಪ ಹತ್ತಿತು. ಅಷ್ಟೇ. ತೊಟ್ಟಿಯಲ್ಲಿ ನೀರು ಮೊಣಕಾಲುದ್ದ ಇತ್ತು, ಮೋಟರು ಅಲ್ಲಾಡಲಿಲ್ಲ. ತಪ್ಪಾಗಿದೆ ಎಂದು ಕೂಡ ಆ ಯಂತ್ರ ಹೇಳಲಿಲ್ಲ. ಸುಮ್ಮನೆ ಕೂತಿತ್ತು. ಶೈಲಜಳ ಮುಖ ನೋಡಲು ಆಗುತ್ತಿರಲಿಲ್ಲ.

ಮರುದಿನ, ಶುಕ್ರವಾರ, ಸಭೆ ಸೇರಿತು. ನಾನು ಹೋದದ್ದು ಸಭೆಯ ಕಟ್ಟಡದ ಕೊಳವೆಯ ಬಿರುಕಿಗೆ ಗಾರೆ ಹಾಕಲು. ಮೂಲೆಯಲ್ಲಿ ಕೂತು ನನ್ನ ಪಾಡಿಗೆ ಕೆಲಸ ಮಾಡುತ್ತಿದ್ದೆ. ಹಾಲಪ್ಪನವರು ಎದ್ದು ನಿಂತು, "ಎರಡು ಪ್ರೋಗ್ರಾಮು ಒಂದೇ ಡಬ್ಬದಲ್ಲಿ ಕೂತವೆ. ಒಂದು ಮೊಳ ಡಬ್ಬ. ಅವೆರಡನ್ನ ಒಂದಕ್ಕೊಂದು ಮಾತಾಡ್ಸಕೆ ಈ ಊರಿನೋರ ಕೈಲಿ ಆಗಲಿಲ್ಲ," ಅಂದರು. "ಹೊರಗಿನ ಕಂಪನಿಯೋರು ಸೋಮವಾರ ಹನ್ನೊಂದಕ್ಕೆ ಬರ್ತಾರೆ. ಪಂಪ್‌ಹೌಸು ಅವರ ಕೈಗೆ ಬಿಟ್ಟುಬಿಡಾನ. ಯಾವ ಬೀದಿಗೆ ಎಷ್ಟೊತ್ತಿಗೆ ನೀರು ಅಂತ ಅವರೇ ಅಲ್ಲಿಂದ ನೋಡ್ಕಂತಾರೆ. ನಮಗೂ ತಲೆನೋವು ತಪ್ತದೆ."

ನನ್ನ ಕೈಯಲ್ಲಿದ್ದ ಕರಣೆ ನಿಂತಿತು. "ಅಧ್ಯಕ್ಷರೆ, ಏನಂದ್ರಿ ಇನ್ನೊಂದು ಸಲ ಅನ್ನಿ," ಅಂದೆ.

"ನಿನಗಲ್ಲ ಬಿಡು ದುಗ್ಗಕ್ಕ, ಇದು ಕಂಪ್ಯೂಟರ್ ವಿಷಯ."

"ಕಂಪ್ಯೂಟರ್ ಆದ್ರೂ ಆಗ್ಲಿ, ಕಲ್ಲುಗುಂಡಾದ್ರೂ ಆಗ್ಲಿ. ಇಬ್ಬರನ್ನ ಮಾತಾಡ್ಸಕೆ ಈ ಊರಿನೋರಿಗೆ ಬರಲ್ಲ ಅಂದ್ರಿ. ನಮ್ಮಪ್ಪ ಏನು ಮಾಡಿದ ಹಂಗಾರೆ ಇಷ್ಟು ವರ್ಷ? ನಾನೇನು ಮಾಡ್ತಿದೀನಿ? ನಿಮ್ಮ ಮಗಳ ಸಂಬಂಧ ಕುದುರಿದ್ದು ಯಾರ ಕೊಳವೆಯಾಗೆ?"

"ಅದು ಬೇರೆ, ಇದು ಬೇರೆ."

"ಬೇರೆ ಅಲ್ಲ. ಇಬ್ಬರನ್ನ ಮಾತಾಡ್ಸದು ನನ್ನ ಕಸುಬು. ಸೋಮವಾರ ನಿಮ್ಮ ಕಂಪನಿಯೋರು ಬರೋದ್ರೊಳಗೆ ಆ ಮೋಟರು ತಾನಾಗಿ ತಿರುಗುತ್ತೆ. ತಿರುಗಲಿಲ್ಲ ಅಂದ್ರೆ ಈ ಊರಲ್ಲಿ ಇನ್ನೊಂದು ಕೊಳವೆಗೆ ನಾನು ಕೈ ಹಾಕಲ್ಲ. ಬಿರುಕು ಬಿಡ್ಲಿ, ಕಣಜ ಕಟ್ಲಿ, ನಿಮ್ಮ ಕಂಪನಿಯೋರನ್ನೇ ಕರ್ಕಳಿ."

ನನ್ನ ಅಣ್ಣನ ಮನೆಯ ಕೊಳವೆಯ ವಿಷಯ ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಹಾಲಪ್ಪನವರು ಮೀಸೆ ಒರೆಸಿಕೊಂಡು "ಸೋಮವಾರ ಹನ್ನೊಂದು" ಅಂದರು. ನಾನು ಕರಣೆ ಎತ್ತಿಕೊಂಡು ಹೊರಗೆ ಬಂದೆ. ಹೊರಗೆ ಬಂದ ಮೇಲೆ ನೆನಪಾಯಿತು, ನಾನು ಆ ಕಂಪ್ಯೂಟರನ್ನು ಹತ್ತಿರದಿಂದ ಒಂದು ಸಲವೂ ನೋಡಿರಲಿಲ್ಲ.

ಶೈಲಜ ನನ್ನ ಹಿಂದೆಯೇ ಓಡಿ ಬಂದಳು. ಬೀದಿಯುದ್ದಕ್ಕೂ ಅವಳ ಬಾಯಿ ಆಡುತ್ತಲೇ ಇತ್ತು, ಕೈ ಆಡುತ್ತಲೇ ಇತ್ತು, ನನಗೆ ಒಂದೂ ಕೇಳಿಸುವಂತಿರಲಿಲ್ಲ. ಪಂಪ್‌ಹೌಸಿನ ಹೊಸ್ತಿಲು ದಾಟಿದ ಕೂಡಲೇ ಕೇಳಿಸಿದ್ದು, "ನಿಮಗೇನು ತಲೆ ಕೆಟ್ಟೈತಾ ಅತ್ತೆ?" ಊರ ಹುಡುಗಿಯರಿಗೆಲ್ಲ ನಾನು ಅತ್ತೆ.

"ಬೀದಿಯುದ್ದಕ್ಕೂ ಇದನ್ನೇ ಅಂತಿದ್ದೆಯಾ?"

"ಇನ್ನೂ ಬೇರೆ ಬೇರೆ ಅಂದೆ. ಅದನ್ನ ಕೇಳಿಸ್ಕಳ್ಳದಿದ್ದದ್ದೇ ಒಳ್ಳೇದು."

ಮೂಲೆಯ ಗೋಣಿಚೀಲದ ಮೇಲೆ ನಿಂಗಜ್ಜ ಮಂಡಿ ಉಜ್ಜಿಕೊಳ್ಳುತ್ತಾ ಕೂತಿದ್ದ. ಕೆಲಸ ಬಿಟ್ಟರೂ ಪಂಪ್‌ಹೌಸು ಬಿಟ್ಟಿರಲಿಲ್ಲ. "ಇದಕ್ಕೆ ಮಂಡಿನೂ ಇಲ್ಲ, ಬೀಡಿ ಚಟನೂ ಇಲ್ಲ," ಅಂತ ಕಂಪ್ಯೂಟರ್ ಕಡೆ ಗದ್ದ ಎತ್ತಿ ತೋರಿಸಿದ. "ಆದ್ರೂ ಒಂದು ಮಾತು ಹೇಳಕೆ ಇದಕ್ಕೆ ಏನು ರೋಗ ಅಂತೀನಿ."

ನಾನು ಒಂದು ಡಬ್ಬಿ ಎಳೆದುಕೊಂಡು ಕೂತೆ. "ಮೊದಲು ನನಗೆ ಇದು ಹೇಳು ಶೈಲಿ. ಒಂದೇ ಡಬ್ಬದ ಒಳಗಿರೋರು ಒಂದೇ ಮನೆಯೋರಿದ್ದಂಗೆ ಅಲ್ವಾ? ನೇರ ಮಾತಾಡ್ಕಳಕೆ ಏನು?"

"ಒಂದೇ ಮನೆ ಅಲ್ಲ ಅತ್ತೆ. ಈ ಕಂಪ್ಯೂಟರನ್ನ ನಡೆಸೋದು ಲಿನಕ್ಸ್ ಅಂತ. ಅದರಲ್ಲಿ ಒಂದೊಂದು ಪ್ರೋಗ್ರಾಮಿಗೂ ಒಂದೊಂದು ಮನೆ. ಗುಡ್ಡದ ತಲೆಯಲ್ಲಿ ಏನೈತೆ ಅಂತ ಪಂಪಿಗೆ ಕಾಣಲ್ಲ, ಪಂಪಿನದ್ದು ಗುಡ್ಡಕ್ಕೆ ಕಾಣಲ್ಲ. ಗೋಡೆ ಹಾರಿ ಇಣುಕಕೆ ಹೋದ್ರೆ ಯಜಮಾನ ಅಲ್ಲೇ ಹೊಡೆದುಹಾಕ್ತಾನೆ."

"ಯಾವ ಯಜಮಾನ?"

"ಕರ್ನೆಲ್ ಅಂತಾರೆ. ಎಲ್ಲದಕ್ಕೂ ಅವನೇ ದೊಡ್ಡೋನು."

"ಅಂದ್ರೆ ಇದರೊಳಗೂ ಹೊಸ್ತಿಲು ಐತೆ," ಅಂದೆ. ಹೊರಗಿನವರೆಲ್ಲ ನಮ್ಮನ್ನು ನೋಡಿ ನಗುತ್ತಾರಲ್ಲ, ಆ ಹೊರಗಿನವರೇ ಕಟ್ಟಿದ ಯಂತ್ರದೊಳಗೆ ನಮ್ಮೂರೇ ಇದೆ. "ಹಂಗಾದ್ರೆ ಕೊಳವೆನೂ ಇರ್ಬೇಕಲ್ಲ?"

"ಐತೆ ಅತ್ತೆ. ಅದಕ್ಕೆ ಪೈಪು ಅಂತಲೇ ಹೆಸರು." ಕೀಲಿಮಣೆ ಒತ್ತಿ ಪರದೆಯ ಮೇಲೆ ಎರಡು ಸಾಲು ತೋರಿಸಿದಳು. ಒಂದು ಕೊಳವೆಯ ಹೆಸರು 'ಮಟ್ಟ', ಗುಡ್ಡ ಹೇಳಿದ್ದು ಪಂಪಿಗೆ ಹೋಗಲು. ಇನ್ನೊಂದರ ಹೆಸರು 'ಉತ್ತರ', ಪಂಪು ಹೇಳಿದ್ದು ಗುಡ್ಡಕ್ಕೆ ಬರಲು. ಸಾಲಿನ ಮೊದಲಿಗೆ ಒಂದು ಅಕ್ಷರ ಇತ್ತು, ಅದು ಪೈಪಿನ ಗುರುತು ಅಂದಳು. ಅಲ್ಲೇ ಮುಂದೆ ಸೊನ್ನೆ. "ಇದು ಅದರ ಗಾತ್ರ. ಯಾವಾಗ ನೋಡಿದ್ರೂ ಸೊನ್ನೆ."

"ಸೊನ್ನೆನೇ ಇರ್ಬೇಕು. ಕೊಳವೆ ಏನು ಕಾಳಿನ ಹಗೇವಾ, ಮಾತು ತುಂಬಿಡಕೆ? ಹಾದು ಹೋಗ್ತದೆ ಅಷ್ಟೇ." ನಿಂಗಜ್ಜ ಹೂಂಗುಟ್ಟಿದ. ನಾನು ಮೇಸ್ತ್ರಿ ಕೇಳುವ ಪ್ರಶ್ನೆಗಳನ್ನೆಲ್ಲ ಕೇಳಿದೆ. ಒಂದೇ ಕೊಳವೆಗೆ ಎರಡು ಕಿವಿ ಇಟ್ಟಿದ್ದೀಯಾ? ಇಲ್ಲ. ಎರಡು ಕೊಳವೆಯ ತುದಿಗಳು ಅದಲುಬದಲು ಆಗಿವೆಯಾ? ಇಲ್ಲ. ಈ ತುದಿಗೆ ಬಾಯಿ ಇಟ್ಟರೆ ಆ ತುದಿಗೆ ಕಿವಿ ಬರುವ ತನಕ ನಿಲ್ಲುತ್ತದಾ? ನಿಲ್ಲುತ್ತದೆ, ಕಿವಿ ಇಟ್ಟರೂ ಹಾಗೇ ನಿಲ್ಲುತ್ತದೆ, ಥೇಟು ನಮ್ಮದರ ಹಾಗೆ. ಒಂದೊಂದನ್ನೇ ಬೇರೆ ಬೇರೆ ಪರೀಕ್ಷೆ ಮಾಡಿದೆಯಾ? ಮಾಡಿದ್ದೇನೆ, ಒಂದೊಂದೇ ಇದ್ದಾಗ ಎರಡೂ ಸರಿ ಇವೆ.

"ಇನ್ನೊಂದು ವಿಚಿತ್ರ ನೋಡಿ," ಅಂದಳು. ಮಟ್ಟದ ಕೊಳವೆಗೆ ತಾನೇ ಕೈಯಾರೆ ಒಂದು ಪದ ಬರೆದು ಹಾಕಿದಳು. ತಕ್ಷಣ ಪರದೆಯ ಮೇಲೆ ಸಾಲುಗಳು ಓಡತೊಡಗಿದವು, ಮೋಟರು ಗುಂಯ್ ಅಂತು. "ನಾನು ಬಾಯಿ ಹಾಕಿದ್ರೆ ಇಬ್ಬರೂ ಏಳ್ತಾರೆ, ಚೆನ್ನಾಗಿ ಮಾತಾಡ್ತಾರೆ. ಕರೆಂಟು ಹೋಗಿ ಬಂತು ಅಂದ್ರೆ ಮತ್ತೆ ಮೂಕರು. ನಿನ್ನೆಯಿಂದ ಇದೇ ಗೋಳು."

ಶುಕ್ರವಾರ ಹಾಗೇ ಹೋಯಿತು. ಶನಿವಾರ ಬೆಳಿಗ್ಗೆ ಹೋದವಳೇ, "ನೀನು ಬರೆದದ್ದನ್ನ ನನಗೆ ಕನ್ನಡದಲ್ಲಿ ಓದು. ಒಂದು ಸಾಲು ಬಿಡಬೇಡ," ಅಂದೆ.

"ಅದು ಓದಿದ್ರೆ ಅರ್ಥ ಆಗೋದಲ್ಲ ಅತ್ತೆ."

"ನಿನ್ನಪ್ಪನ ಮನೆ ಕೊಳವೆ ಹೂಳಿದೋಳು ನಾನು. ಓದು."

ಅವಳು ಗುಡ್ಡದ್ದನ್ನು ಓದಿದಳು. "ಎದ್ದ ಕೂಡಲೇ ಉತ್ತರದ ಕೊಳವೆಗೆ ಕಿವಿ ಇಡು. ಕಿವಿ ಕೂಡಿದ ಮೇಲೆ ಮಟ್ಟದ ಕೊಳವೆಗೆ ಬಾಯಿ ಇಡು. ಆಮೇಲೆ ಬುರುಡೆ ನೋಡಿ ಹೇಳ್ತಾ ಹೋಗು."

"ಸರಿ. ಈಗ ಪಂಪಿಂದು."

"ಎದ್ದ ಕೂಡಲೇ ಮಟ್ಟದ ಕೊಳವೆಗೆ ಕಿವಿ ಇಡು. ಕಿವಿ ಕೂಡಿದ ಮೇಲೆ ಉತ್ತರದ ಕೊಳವೆಗೆ..."

"ನಿಲ್ಲು," ಅಂದೆ. "ಯಾಕೆ ಹಂಗೆ ಬರೆದೆ?"

"ಯಾಕೆ ಅಂದ್ರೆ? ಹಂಗೇ ಅಲ್ವಾ? ಮೊದಲು ಕೇಳು, ಆಮೇಲೆ ಹೇಳು ಅಂತ ಅಮ್ಮ ಕಲಿಸಿದ್ದು. ಬಂದ ಕೂಡಲೇ ಬಾಯಿ ಹಾಕೋದು ಮರ್ಯಾದೆ ಅಲ್ಲ."

ನನಗೆ ನಗು ಬಂತು. ನಕ್ಕೆ. ನನ್ನ ನಗು ಅಷ್ಟು ಚೆನ್ನಾಗಿರುವುದಿಲ್ಲ, ಶೈಲಜ ಹೆದರಿ ಎದ್ದು ನಿಂತಳು. ನಿಂಗಜ್ಜ ಮಾತ್ರ ಗೋಣಿಚೀಲದ ಮೇಲಿಂದ "ಬೀಗರು," ಅಂದ. ಅವನಿಗೂ ಹೊಳೆದಿತ್ತು.

ನಾನು ಚಿಕ್ಕವಳಿದ್ದಾಗ ನಡೆದದ್ದು. ಮೇಲಿನ ಬೀದಿಯವರೊಬ್ಬರು, ಕೆಳಗಿನ ಬೀದಿಯವರೊಬ್ಬರು ಹೊಸದಾಗಿ ಬೀಗರಾದರು. ಇಬ್ಬರೂ ಊರಿಗೇ ಮರ್ಯಾದಸ್ಥರು. ನಮ್ಮಪ್ಪ ಎರಡು ಮನೆಗೂ ಕೊಳವೆ ಹೂಳಿ ಬಂದ. ಮರುದಿನ ಮೇಲಿನ ಬೀದಿಯವರು, ಬೀಗರು ಏನೋ ಹೇಳಬಹುದು, ಮೊದಲು ಕೇಳೋಣ ಎಂದು ಬರುವ ಕೊಳವೆಗೆ ಕಿವಿ ಇಟ್ಟರು. ಕೆಳಗಿನ ಬೀದಿಯವರೂ ಅದೇ ಹೊತ್ತಿಗೆ ಅದೇ ಮರ್ಯಾದೆಯಿಂದ ಕಿವಿ ಇಟ್ಟರು. ಇಬ್ಬರ ಕಿವಿಯೂ ಸಿಕ್ಕಿಕೊಂಡಿತು, ಇಬ್ಬರ ಬಾಯಿಯೂ ಖಾಲಿ, ಆದರೆ ಇಬ್ಬರೂ ತಮ್ಮ ಇನ್ನೊಂದು ಕೊಳವೆಯ ತನಕ ಹೋಗುವಂತಿಲ್ಲ. ಒಂದು ಹಗಲು ಒಂದು ರಾತ್ರಿ ನಿಂತರು. ಮನೆಯವರು ಬಾಯಿಗೆ ತುತ್ತಿಟ್ಟರು. ಕೊನೆಗೆ ನಮ್ಮಪ್ಪ ಹೋಗಿ ಒಂದು ಮನೆಯ ಹೋಗುವ ಕೊಳವೆಗೆ ತಾನೇ ಬಾಯಿಟ್ಟು "ಬೀಗರೆ ಕ್ಷೇಮವಾ" ಅಂದ, ಆ ಕಡೆಯವರ ಕಿವಿ ಬಿಟ್ಟಿತು, ಅವರು ಬಾಯಿಗೆ ಹೋದರು, ಈ ಕಡೆಯವರ ಕಿವಿಯೂ ಬಿಟ್ಟಿತು. ಅವತ್ತೇ ನಮ್ಮಪ್ಪ ಊರಿಗೆ ಒಂದು ಕಟ್ಟು ಮಾಡಿದ. ಎತ್ತರದ ಮನೆಯವರದು ಮೊದಲು ಬಾಯಿ, ತಗ್ಗಿನ ಮನೆಯವರದು ಮೊದಲು ಕಿವಿ. ದೊಡ್ಡವರು ಚಿಕ್ಕವರು ಇಲ್ಲ, ಹೆಣ್ಣಿನ ಕಡೆ ಗಂಡಿನ ಕಡೆ ಇಲ್ಲ. ಆಮೇಲೆ ಮನೆಮನೆಗೂ ದಾರ ಎಳೆದರೆ ಆಡುವ ಗಂಟೆ ಬಂತು. ಮೊದಲು ಗಂಟೆ, ಆಮೇಲೆ ಕೊಳವೆ. ಈಗಿನವರಿಗೆ ಆ ಕಟ್ಟು ಬೇಕೇ ಆಗಲಿಲ್ಲ, ಮರೆತುಹೋಯಿತು. ಉಳಿದದ್ದು ಮರ್ಯಾದೆಯೊಂದೇ.

"ನಿನ್ನ ಪ್ರೋಗ್ರಾಮಿಗೆ ಗಂಟೆ ಇಲ್ಲ," ಅಂದೆ ಶೈಲಜಗೆ. "ಇಬ್ಬರೂ ನಿನ್ನ ಥರ ಮರ್ಯಾದಸ್ಥರು. ಎದ್ದ ಕೂಡಲೇ ಇಬ್ಬರೂ ಕಿವಿ ಕೊಟ್ಟು ಕೂತವರೆ. ನೀನು ಕೈಯಾರೆ ಬಾಯಿ ಹಾಕಿದಾಗ ನಮ್ಮಪ್ಪ ಮಾಡಿದ್ದನ್ನೇ ಮಾಡಿದೆ, ಅದಕ್ಕೆ ಬಿಟ್ಟಿತು. ಒಬ್ಬರದ್ದು ತಿರುಗಿಸು."

ಅವಳು ಬಾಯಿ ತೆರೆದವಳು ಹಾಗೇ ನಿಂತಳು, ಕೊಳವೆಯಿಲ್ಲದೆಯೇ ಸಿಕ್ಕಿಕೊಂಡವಳ ಹಾಗೆ. ಆಮೇಲೆ ದಬದಬ ಕೀಲಿ ಒತ್ತಿದಳು. ಫ್ಯೂಸು ಕಿತ್ತು ಮತ್ತೆ ಹಾಕಿದಳು. ದೀಪ ಹತ್ತಿತು. ಏನೂ ಆಗಲಿಲ್ಲ.

"ಏನು ಮಾಡಿದೆ?"

"ಇಬ್ಬರದ್ದೂ ತಿರುಗಿಸಿದೆ. ಇಬ್ಬರೂ ಮೊದಲು ಬಾಯಿ."

"ಅಯ್ಯೋ ನಿನ್ನ. ಇಬ್ಬರೂ ಬಾಯಿ ಹಾಕಿದ್ರೆ ಕಿವಿ ಕೊಡೋರು ಯಾರೇ, ನಿಂಗಜ್ಜನಾ? ಒಬ್ಬರದ್ದು ಅಂದೆ. ಪಾಲಿಟೆಕ್ನಿಕ್‌ನಲ್ಲಿ ಒಂದು ಅಂದ್ರೆ ಎಷ್ಟು ಅಂತ ಹೇಳಿಕೊಡಲ್ವಾ?"

"ಬೈಬೇಡಿ ಅತ್ತೆ. ಯಾರದ್ದು ಮೊದಲು ಬಾಯಿ, ಅದನ್ನಾದ್ರೂ ಹೇಳಿ. ನನಗೇನೋ ಪಂಪಿನದ್ದು ಅನಿಸ್ತದೆ. ಮೋಟರು ಅದರ ಕೈಲೈತೆ."

"ಮೋಟರು ಕೈಲಿದ್ರೆ? ಹೇಳಕೆ ಅದರ ಹತ್ರ ಏನೈತೆ? ಸುದ್ದಿ ಇರೋದು ಗುಡ್ಡದ ಹತ್ರ. ಎತ್ತರದಲ್ಲಿ ಕೂತಿರೋದೂ ಅದೇ. ಗುಡ್ಡದ್ದು ಬಾಯಿ."

"ನಾನು ಮೂವತ್ತು ವರ್ಷ ಹಂಗೇ ಮಾಡಿದ್ದು," ಅಂದ ನಿಂಗಜ್ಜ. "ನಾನು ಬಾಯಿ ತೆಗೆಯೋ ತನಕ ಖಾದರ್ ಸಾಬರು ಒಂದು ದಿನ ಬಾಯಿ ತೆಗೆದವರಲ್ಲ."

ಈ ಸಲ ಫ್ಯೂಸು ಹಾಕಿದ್ದು ನಾನು. ದೀಪ ಹತ್ತಿತು. ಪರದೆಯ ಮೇಲೆ ಒಂದು ಸಾಲು ಬಂತು, ಗುಡ್ಡದ್ದು. ಅದರ ಕೆಳಗೆ ಇನ್ನೊಂದು, ಪಂಪಿನದ್ದು. ಮೋಟರು ಗುಂಯ್ ಅಂತು. ಯಾರೂ ಕೈ ಹಾಕಿರಲಿಲ್ಲ. ಶೈಲಜ ನನ್ನ ಕೈ ಹಿಡಿದುಕೊಂಡಳು, ಗಾರೆಯ ಕೈ ಅಂತಲೂ ನೋಡಲಿಲ್ಲ. ಭಾನುವಾರವೆಲ್ಲ ಫ್ಯೂಸು ಕೀಳುವುದು, ಹಾಕುವುದು, ಇದೇ ಕೆಲಸ. ಎಷ್ಟು ಸಲ ಕಿತ್ತರೂ ಎದ್ದ ಕೂಡಲೇ ಒಂದು ಬಾಯಿ, ಒಂದು ಕಿವಿ, ಆಮೇಲೆ ಮಾತು. ಸಂಜೆಯ ಹೊತ್ತಿಗೆ ತೊಟ್ಟಿ ತುಂಬಿ ತುಳುಕುವ ಹಂತಕ್ಕೆ ಬಂತು, ಗುಡ್ಡ ಹೇಳಿತು, ಪಂಪು ಆರಿಸಿತು. ನಾವು ಮೂವರೂ ಖುಷಿಯಿಂದ ಮನೆಗೆ ಹೋದೆವು. ಅಲ್ಲೇ ನಾವು ಎಡವಿದ್ದು.

ಸೋಮವಾರ ಎಂಟು ಗಂಟೆಗೆ ಸಭೆಯವರು ಬಂದರು. ಹಾಲಪ್ಪನವರು ಸ್ವಿಚ್ಚು ಒತ್ತಿದರು. ಪರದೆಯ ಮೇಲೆ ಸಾಲು ಬಂತು. ಶೈಲಜ ಓದಿ ಹೇಳಿದಳು, "ಗುಡ್ಡ ಹೇಳ್ತೈತೆ, ತುಂಬಿದೆ ಅಂತ. ಪಂಪು ಹೇಳ್ತೈತೆ, ಸರಿ, ಸುಮ್ಮನಿದೀನಿ ಅಂತ."

"ಮೋಟರು ಎಲ್ಲಿ ತಿರುಗ್ತು?" ಅಂದರು ಹಾಲಪ್ಪ.

"ತುಂಬಿರೋವಾಗ ಯಾಕೆ ತಿರುಗ್ಬೇಕು? ಅರ್ಧಕ್ಕೆ ಇಳಿಯಲಿ," ಅಂದೆ.

"ಅದು ನನಗೆ ಗೊತ್ತಿಲ್ಲ ದುಗ್ಗಕ್ಕ. ಪರದೆ ಮೇಲೆ ಅಕ್ಷರ ಮೂಡ್ಸಕೆ ನನ್ನ ಮೊಮ್ಮಗಳಿಗೂ ಬರ್ತದೆ. ನೀನು ಸಭೇಲಿ ಅಂದದ್ದು ಮೋಟರು ತಾನಾಗಿ ತಿರುಗುತ್ತೆ ಅಂತ. ಹನ್ನೊಂದಕ್ಕೆ ಕಂಪನಿಯೋರು ಬರ್ತಾರೆ." ಕುರ್ಚಿ ಎಳೆದುಕೊಂಡು ಕೂತರು.

ನನ್ನ ಮೈ ಉರಿಯಿತು, ಆದರೆ ಅವರು ಅಂದದ್ದು ಸರಿ. ನಾನು ಅಂದದ್ದು ಅದನ್ನೇ. ತೊಟ್ಟಿ ದೊಡ್ಡದು, ಊರು ಬಳಸಿದರೂ ಅರ್ಧಕ್ಕೆ ಇಳಿಯಲು ಮಾರನೆಯ ದಿನ ಮಧ್ಯಾಹ್ನ ಆಗುತ್ತದೆ. ಶೈಲಜ ನನ್ನ ಕಿವಿಯ ಹತ್ತಿರ ಬಂದು, "ಅತ್ತೆ, ನಾನೇ ಮಟ್ಟದ ಕೊಳವೆಗೆ ಅರ್ಧ ಅಂತ ಬರೆದು ಹಾಕಲಾ? ಮೋಟರು ತಿರುಗ್ತದೆ. ಯಾರಿಗೂ ಗೊತ್ತಾಗಲ್ಲ," ಅಂದಳು.

"ಮುಟ್ಟಿದ್ರೆ ಬೆರಳು ಮುರೀತೀನಿ. ನೋಡದೆ ಇರೋದನ್ನ ಗುಡ್ಡದ ಬಾಯಲ್ಲಿ ಹೇಳಿಸ್ತೀಯಾ? ಒಂದು ಸಲ ಕೊಳವೆಯಾಗೆ ಸುಳ್ಳು ಹೋಯ್ತು ಅಂದ್ರೆ ಆಮೇಲೆ ಯಾರು ಕಿವಿ ಇಡ್ತಾರೆ?"

ಹೇಳಿದ ಮೇಲೆ ಉಳಿದದ್ದು ಒಂದೇ ದಾರಿ. ತೊಟ್ಟಿ ಇಳಿಯಬೇಕು, ನಿಜವಾಗಿ ಇಳಿಯಬೇಕು. ಪಂಪ್‌ಹೌಸಿನಿಂದ ಬೀದಿಗೊಂದರ ಹಾಗೆ ಏಳು ಕೊಳವೆ ಹೋಗುತ್ತವೆ. ಮೊದಲನೆಯದರ ದಾರ ಎಳೆದು ಬಾಯಿಟ್ಟೆ. ಕುಂಬಾರಗೇರಿಯ ಸಣ್ಣೀರಮ್ಮ ಕಿವಿಗೆ ಬಂದಳು. "ನಾನು ದುಗ್ಗಿ. ಮನೇಲಿರೋ ಪಾತ್ರೆಗೆಲ್ಲ ನೀರು ಹಿಡಿ. ಬೀದಿಗೆಲ್ಲ ಹೇಳು. ಈಗಲೇ." ಎರಡನೆಯ ಬೀದಿಗೂ ಹೇಳಿದೆ. ನಿಂಗಜ್ಜ ಎದ್ದು ಕುಂಟುತ್ತಾ ಹೋಗಿ ಮೂರನೆಯದಕ್ಕೆ ಬಾಯಿಟ್ಟ. ಶೈಲಜ ನಾಲ್ಕನೆಯದಕ್ಕೆ. ನೋಡನೋಡುತ್ತಿದ್ದಂತೆ ಸಭೆಯವರಲ್ಲೇ ಇಬ್ಬರು ಎದ್ದು ಐದು ಆರಕ್ಕೆ ಹೋದರು. ಹಾಲಪ್ಪನವರು ತಿರುಗಿ ನೋಡಿದಾಗ, "ನಮ್ಮ ಮನೇಲೂ ನೀರು ಹಿಡೀಬೇಕಲ್ಲ," ಅಂದ ಅವರಲ್ಲೊಬ್ಬ. ಏಳನೆಯದು ಮೇಲಿನ ಬೀದಿ. ನಾನು ದಾರ ಎಳೆದು ಬಾಯಿಟ್ಟೆ. ಆ ಕಡೆ ಕಿವಿ ಬರಲಿಲ್ಲ.

ಆ ತುದಿಯ ಮನೆಯವರೆಲ್ಲ ಹೊಲಕ್ಕೆ ಹೋಗಿರಬೇಕು. ಬಾಯಿ ಕೀಳುವಂತಿಲ್ಲ, ತಿರುಗುವಂತಿಲ್ಲ. ಪಂಪ್‌ಹೌಸಿನ ಕಿಟಕಿಯ ಓರೆಯಿಂದ ಬೀದಿ ಒಂದಿಷ್ಟು ಕಾಣುತ್ತಿತ್ತು. ಜನ ಹೊರಗೆ ಬಂದಿದ್ದರು. ಕೊಡ, ಬಿಂದಿಗೆ, ಹಂಡೆ, ಅನ್ನ ಬಸಿಯುವ ಪಾತ್ರೆ, ಮದುವೆಯ ಕೊಪ್ಪರಿಗೆ, ಮಗುವಿನ ಬಚ್ಚಲ ಡಬ್ಬಿ, ಏನು ಸಿಕ್ಕಿತೋ ಅದು. ನಲ್ಲಿಗಳೆಲ್ಲ ಹರಿಯುತ್ತಿದ್ದವು. ಗಿಡಕ್ಕೆ ಹೊಯ್ಯುವವರು ಹೊಯ್ಯುತ್ತಿದ್ದರು, ಎಮ್ಮೆ ತೊಳೆಯುವವರು ತೊಳೆಯುತ್ತಿದ್ದರು, ವರ್ಷದಿಂದ ಒಗೆಯದ ಜಮಖಾನ ಒಗೆಯುವವರು ಒಗೆಯುತ್ತಿದ್ದರು. ಒಂದು ಮಾತಿಲ್ಲ, ಬೀದಿಯಲ್ಲಿ ಮಾತು ಇರುವುದಿಲ್ಲ. ನೀರಿನ ಸದ್ದು, ಕೊಡ ಕೊಡಕ್ಕೆ ತಾಗುವ ಸದ್ದು ಇಷ್ಟೇ. ಯಾಕೆ ಅಂತ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಕೊಳವೆಯಲ್ಲಿ ಬಂದ ಮಾತು, ದುಗ್ಗಮ್ಮ ಹೇಳಿದ್ದು, ಅಷ್ಟು ಸಾಕಾಗಿತ್ತು ಅವರಿಗೆ. ಕೊಳವೆಗೆ ಬಾಯಿ ಅಂಟಿಸಿಕೊಂಡು ನಿಂತಲ್ಲೇ ನನ್ನ ಎದೆ ಉಬ್ಬಿತು. ನಾನು ಹೂಳಿದ ಕೊಳವೆಗಳು ಇವು ಅಂದುಕೊಂಡೆ.

ಶೈಲಜ ಪರದೆ ಓದುತ್ತಿದ್ದಳು. "ಮುಕ್ಕಾಲು," ಅಂದಳು ಒಂಬತ್ತೂವರೆಗೆ. ಹತ್ತೂಕಾಲಿಗೆ, "ಅರ್ಧಕ್ಕೆ ಇನ್ನೊಂದು ಗೇಣು." ಹತ್ತೂವರೆಗೆ, "ಇನ್ನು ನಾಲ್ಕು ಬೆರಳು." ಹತ್ತೂ ಮುಕ್ಕಾಲಾದರೂ ನಾಲ್ಕು ಬೆರಳು ಮೂರಾಗಿರಲಿಲ್ಲ. ಊರಲ್ಲಿ ಖಾಲಿ ಪಾತ್ರೆ ಮುಗಿದಿತ್ತು. ಹಾಲಪ್ಪನವರು ಗಡಿಯಾರ ನೋಡಿಕೊಂಡರು. ನಾನು ಏನೂ ಹೇಳುವಂತಿರಲಿಲ್ಲ, ಹೇಳುವುದು ಬೇಕಾದಷ್ಟಿತ್ತು.

ಅಷ್ಟರಲ್ಲಿ ಬೀದಿಯ ಕಡೆ ನೀರು ಧೋ ಎಂದು ಸುರಿಯುವ ಸದ್ದು. ಕಿಟಕಿಯ ಹತ್ತಿರ ನಿಂತಿದ್ದ ನಿಂಗಜ್ಜ, "ಅಧ್ಯಕ್ಷರೆ, ನಿಮ್ಮ ಮನೆಯೋರು ಕಣ್ರಿ. ನಿಮ್ಮ ಹೊಸ ಕಟ್ಟಡದ ಗೋಡೆಗೆ ನೀರು ಹೊಡೆಯೋ ಕ್ಯೂರಿಂಗ್ ತೊಟ್ಟಿಗೆ ದಪ್ಪ ಪೈಪು ಬಿಟ್ಟವರೆ," ಅಂದ.

"ಯಾರು, ಸಾವಿತ್ರಮ್ಮನಾ?"

"ಅವರೇ. ಸೆರಗು ಸಿಕ್ಕಿಸ್ಕಂಡು ನಿಂತವರೆ."

ಶೈಲಜ ಎರಡು ಬೆರಳು ಅಂದಳು, ಒಂದು ಬೆರಳು ಅಂದಳು. ಆಮೇಲೆ ಎರಡೂ ಕೈ ಕೀಲಿಮಣೆಯಿಂದ ಎತ್ತಿ ಗಾಳಿಯಲ್ಲಿ ಹಿಡಿದಳು, ಎಲ್ಲರೂ ನೋಡಲಿ ಎಂದು. ಪರದೆಯ ಮೇಲೆ ಗುಡ್ಡದ ಸಾಲು ಬಂತು. ಅದರ ಕೆಳಗೆ ಪಂಪಿನ ಸಾಲು ಬಂತು. ಮೋಟರು ಗುಂಯ್ ಎಂದು ಎದ್ದಿತು. ನೆಲ ನಡುಗಿತು, ನನ್ನ ಬಾಯಿಗೆ ಅಂಟಿದ ಕೊಳವೆಯೂ ನಡುಗಿತು. ಮಾತು ಹೊಸ್ತಿಲು ದಾಟದಿದ್ದರೇನು, ಮೋಟರಿನ ಸದ್ದು ದಾಟುತ್ತದೆ. ಹೊರಗೆ ಬೀದಿಬೀದಿಯಲ್ಲಿ ಜನ ಕೊಡ ಬಡಿಯತೊಡಗಿದರು.

ಹಾಲಪ್ಪನವರು ಎದ್ದು ನನ್ನ ಹತ್ತಿರ ಬಂದರು. ನಾನು ಕಣ್ಣು ಮಾತ್ರ ಹೊರಳಿಸಿ ನೋಡಿದೆ. "ಆಯ್ತು ದುಗ್ಗಕ್ಕ," ಅಂದರು. "ಕಂಪನಿಯೋರಿಗೆ ಕಾಫಿ ಕುಡಿಸಿ ಕಳಿಸ್ತೀನಿ. ಪಂಪ್‌ಹೌಸು ನಮ್ಮದೇ ಇರ್ಲಿ. ಶೈಲಜಮ್ಮ ನೋಡ್ಕಳ್ಳಿ." ಹೊಸ್ತಿಲ ಕಡೆ ಹೆಜ್ಜೆ ಇಟ್ಟವರು ತಿರುಗಿ, "ನೀನು ಬಾಯಿ ಮುಚ್ಕಂಡು ನಿಂತಿದ್ದನ್ನ ನಾನು ಇದೇ ಮೊದಲು ನೋಡಿದ್ದು. ಅದಕ್ಕೇ ಈಗಲೇ ಹೇಳಿ ಹೋಗ್ತೀನಿ, ನಾನು ಅವತ್ತು ಅಂದದ್ದು ತಪ್ಪು," ಅಂದು ನಾನು ಉತ್ತರ ಕೊಡುವ ಮೊದಲೇ ಹೊಸ್ತಿಲು ದಾಟಿಬಿಟ್ಟರು. ಜಾಣ ಮನುಷ್ಯ.

ಮೇಲಿನ ಬೀದಿಯವರು ಹೊಲದಿಂದ ಬಂದು ನನ್ನ ಬಾಯಿ ಬಿಡಿಸಿದಾಗ ಹನ್ನೆರಡಾಗಿತ್ತು. ತುಟಿ ಊದಿತ್ತು. ನಿಂಗಜ್ಜ ಗೋಣಿಚೀಲದ ಮೇಲೆ ನಿದ್ದೆ ಹೋಗಿದ್ದ. ಶೈಲಜ ಇನ್ನೂ ಪರದೆಯ ಮುಂದೆ ಕೂತು ಏನೋ ಬರೆಯುತ್ತಿದ್ದಳು. "ಮತ್ತೇನು ಕೆಟ್ಟಿತು?" ಅಂದೆ.

"ಏನೂ ಕೆಟ್ಟಿಲ್ಲ. ಪ್ರೋಗ್ರಾಮಿನಲ್ಲಿ ಕೆಲವು ಸಾಲು ಕಂಪ್ಯೂಟರಿಗೆ ಅಲ್ಲ ಅತ್ತೆ. ಅದನ್ನ ಯಂತ್ರ ಓದದೆ ದಾಟಿಹೋಗ್ತದೆ. ಮುಂದೆ ಯಾರಾದ್ರೂ ಇದನ್ನ ಬಿಚ್ಚಿ ನೋಡಿದ್ರೆ ಅವರಿಗೆ ತಿಳೀಲಿ ಅಂತ ಬರೆಯೋದು. ನೀವೇ ಓದಿ, ಕನ್ನಡದಲ್ಲೇ ಬರೆದಿದೀನಿ."

ಬಗ್ಗಿ ಓದಿದೆ. 'ಮೊದಲು ಬಾಯಿ ಗುಡ್ಡದ್ದು, ಮೊದಲು ಕಿವಿ ಪಂಪಿನದ್ದು. ಈ ಸಾಲುಗಳನ್ನು ಹಿಂದೆ ಮುಂದೆ ಮಾಡಬೇಡಿ, ಇಬ್ಬರೂ ಸಿಕ್ಕಿಕೊಳ್ಳುತ್ತಾರೆ. ಹೇಳಿಕೊಟ್ಟವರು ಕೊಳವೆ ಮೇಸ್ತ್ರಿ ದುಗ್ಗಮ್ಮ, ಏಳನೇ ಕ್ಲಾಸು.'

ಇನ್ನೊಂದು ಸಲ ಓದಿದೆ. ಮೂರನೆಯ ಸಲವೂ ಓದಿದೆ. ಶೈಲಜ ನನ್ನ ಮುಖವನ್ನೇ ನೋಡುತ್ತಿದ್ದಳು.

"ತಪ್ಪೈತೆ," ಅಂದೆ.

"ಏನು ತಪ್ಪು ಅತ್ತೆ?"

"ಏಳನೇ ಕ್ಲಾಸು ಅಂತ ಬಿಟ್ಟರೆ ಓದಿದೋರು ಏನಂದ್ಕಂತಾರೆ? ಪಾಸು ಅಂತ ಹಾಕು. ಒಂದೇ ಸಲಕ್ಕೆ."

ಹಾಕಿದಳು.